ಮಿಸ್ರಿಯ ಮೂಲೆ

ವಹಾಜುದ್ದೀನ್ ಸಾಹೇಬರು ಯಾವುದಕ್ಕೂ ಹಠ ಹಿಡಿದವರಲ್ಲ. ಖಟ್ಟಿ ದಾಲಿಗೆ ಉಪ್ಪು ಬೀಳದಿದ್ದರೆ ಸುಮ್ಮನೆ ಉಂಡು ಏಳುವರು, ಲಿಫ್ಟು ಕೆಟ್ಟರೆ ಗೊಣಗದೆ ಎರಡು ಮಹಡಿ ಹತ್ತುವರು, ಅಕ್ಕ ತಲತ್ ಆಪಾ ಹೇಳಿದ್ದಕ್ಕೆಲ್ಲ ಹೂಂ ಅನ್ನುವರು. ಇಂಥ ಸಾಧು ಮನುಷ್ಯ ಒಂದೇ ಒಂದು ವಿಷಯದಲ್ಲಿ ಮಾತ್ರ ಯಾರಪ್ಪ ಬಂದರೂ ಜಗ್ಗುತ್ತಿರಲಿಲ್ಲ. ಅದು ಬೆಕ್ಕಿನ ಟಬ್ಬು.

ಟಬ್ಬಂದರೆ ಏನು ಮಹಾ, ನೀಲಿ ಪ್ಲಾಸ್ಟಿಕ್ಕಿನ ಅಗಲವಾದ ತೊಟ್ಟಿ, ಒಳಗೆ ಮೂರು ಬೆರಳು ದಪ್ಪ ಮರಳು. ಆದರೆ ಅದನ್ನು ಇಡಲು ಜಾಗ ಹುಡುಕುವುದರಲ್ಲಿ ಸಾಹೇಬರು ಮನೆಯನ್ನೆಲ್ಲ ಒಂದು ಸುತ್ತು ಹಾಕಿಸಿದ್ದರು. ಅಡುಗೆಮನೆಯಲ್ಲಿಟ್ಟರೆ, ಉಣ್ಣುವ ಕಡೆ ಅದು ಕೂರುವುದಿಲ್ಲ. ಬಚ್ಚಲಲ್ಲಿಟ್ಟರೆ, ಯಾರಾದರೂ ಬಾಗಿಲು ಹಾಕಿಕೊಂಡರೆ ಅದರ ಗತಿಯೇನು. ಬಾಲ್ಕನಿಯಲ್ಲಿಟ್ಟರೆ, ಬಟ್ಟೆ ಒಗೆಯುವ ಮಿಷನ್ನು ಗಡಗಡ ಅಂದಾಗ ಅದರ ಜೀವ ಹಾರಿಹೋಗುತ್ತದೆ. ಕೊನೆಗೆ ಜಾಗ ಆರಿಸಿದ್ದು ಬೆಕ್ಕೇ: ನಡುಮನೆಯ ಹಾಲಿನ ಕಿಟಕಿ ಮೂಲೆ, ಕೂರುವ ಮರದ ಮಂಚ ತಖ್ತಿನ ಮರೆ. ಯಾರ ಕಣ್ಣಿಗೂ ಬೀಳದು, ಆದರೆ ಬರುವವರು ಹೋಗುವವರು ಅದಕ್ಕೆ ಕಾಣುತ್ತಾರೆ. ಹೇಳಿಕೇಳಿ ಬೆಕ್ಕು, ಕೂತಾಗಲೂ ಅದಕ್ಕೆ ಲೋಕದ ಮೇಲೆ ಒಂದು ಕಣ್ಣು ಬೇಕು.

ಬೆಳಗಿನ ನಮಾಜು ಮುಗಿಸಿ, ಅದಕ್ಕೆ ಹಾಸಿದ್ದ ಜಾನಮಾಜನ್ನು ಮಡಿಚಿ ತಖ್ತಿನ ಮೇಲಿಟ್ಟರೆಂದರೆ ಸಾಹೇಬರ ಎರಡನೇ ಕೆಲಸ ಟಬ್ಬು ಬಳಿಯುವುದು. ತೂತಿನ ಸೌಟಿನಿಂದ ಗಂಟುಗಳನ್ನು ಎತ್ತಿ, ಮರಳನ್ನು ಕೈಯಿಂದ ಸಮ ಮಾಡಿ, ಕಡಿಮೆಯಾದಷ್ಟು ಹೊಸದು ಸುರಿಯುವರು. ಸಂಜೆ ಮತ್ತೊಮ್ಮೆ. ಶುಕ್ರವಾರ ಟಬ್ಬಿಗೆ ಸ್ನಾನ, ಬರೀ ಬಿಸಿನೀರು, ಚೂರು ಸೋಪು. ಅಷ್ಟೂ ಹೊತ್ತು ಮಿಸ್ರಿ ಪಕ್ಕದಲ್ಲಿ ಕೂತು ಮೇಸ್ತ್ರಿಯ ಗತ್ತಿನಲ್ಲಿ ನೋಡುತ್ತಿತ್ತು. ಬಿಳಿ ಬೆಕ್ಕು, ಒಂದು ಕಣ್ಣು ನೀಲಿ, ಒಂದು ಜೇನಿನ ಬಣ್ಣ.

"ನನ್ನ ಮಂಡಿನೋವಿಗೆ ಇದರಲ್ಲಿ ಅರ್ಧ ಗಮನ ಕೊಟ್ಟಿದ್ರೆ ನಾನಿಷ್ಟೊತ್ತಿಗೆ ಓಡಾಡ್ತಿದ್ದೆ," ಎಂದು ಹೆಂಡತಿ ಕನೀಜ್ ಬೀ ಅಡುಗೆಮನೆಯಿಂದಲೇ ಕುಟುಕುವಳು.

"ನಿನ್ನ ಮಂಡಿ ನೋವಾದ್ರೆ ನೀನು ಬಾಯಿಬಿಟ್ಟು ಹೇಳ್ತೀಯ ಬೇಗಂ, ಊರಿಗೆಲ್ಲ ಕೇಳೋ ಹಾಗೆ. ಇದು ಹೇಳೋದೆಲ್ಲ ಈ ಮರಳಲ್ಲೇ," ಎಂದು ಅವರು ನಗುವರು.

ಆ ಮಾತನ್ನು ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಗಂಡಂದಿರ ಮಾತನ್ನು ಯಾರು ಹಾಕಿಕೊಳ್ಳುತ್ತಾರೆ, ಮದುವೆಯಾಗಿ ಅಷ್ಟು ವರ್ಷವಾದ ಮೇಲೆ?

ಎದೆನೋವೆಂದು ಆಸ್ಪತ್ರೆಗೆ ಸೇರಿದ ಮಾರನೇ ದಿನ ಸಾಹೇಬರು ಫೋನು ಮಾಡಿದರು. ಕನೀಜ್ ಬೀ ಆಗಷ್ಟೇ ಅವರಿಗೆಂದು ಗಂಜಿ ಬೇಯಿಸುತ್ತಿದ್ದಳು. "ಮಿಸ್ರಿ ಟಬ್ಬು ಬಳಿದ್ಯಾ?" ಎಂದರು. ಅವಳಿಗೆ ರೇಗಿತು. "ಒಂದು ಸಲ, ಒಂದೇ ಒಂದು ಸಲ, ನೀನು ಹೇಗಿದ್ದೀಯಾ ಅಂತ ಕೇಳಿ ರೀ." ಆ ಕಡೆ ಅವರು ಕೆಮ್ಮಿದರು, ಅಥವಾ ನಕ್ಕರು. "ಟಬ್ಬು ಅಲ್ಲಾಡಿಸಬೇಡ. ಅದಿದ್ದಲ್ಲೇ ಇರಲಿ," ಅಂದರು. ಗಂಜಿ ಡಬ್ಬಿ ಆಸ್ಪತ್ರೆಗೆ ತಲುಪುವಷ್ಟರಲ್ಲಿ ಉಣ್ಣುವವರೇ ಇರಲಿಲ್ಲ.

ಗಂಡ ಹೋದ ಹೆಂಗಸು ಇದ್ದತ್ತು ಕೂರಬೇಕು. ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟುವಂತಿಲ್ಲ. ಜೊತೆಗಿರಲು ತಲತ್ ಆಪಾ ಬಂದಳು. ತಮ್ಮನ ಮೇಲೆ ಜೀವವಿಟ್ಟಿದ್ದವಳು, ಅತ್ತು ಅತ್ತು ಮುಖ ಊದಿಸಿಕೊಂಡಿದ್ದಳು. ಆದರೆ ಅವಳ ದುಃಖ ಕೂತಲ್ಲಿ ಕೂರುವ ಜಾತಿಯದಲ್ಲ, ಪೊರಕೆ ಹಿಡಿದು ಓಡಾಡುವ ಜಾತಿಯದು. ಕನೀಜ್ ಬೀಗೆ ಮೊಮ್ಮಕ್ಕಳಾಗುವ ವಯಸ್ಸಾಗಿದ್ದರೂ ಆಪಾಳ ಬಾಯಲ್ಲಿ ಅವಳಿನ್ನೂ ಮನೆಗೆ ಬಂದ ಹೊಸ ಮದುಮಗಳು, "ದುಲ್ಹನ್".

"ದುಲ್ಹನ್, ನೀನು ಕೂತಿರು. ಏನೂ ಯೋಚನೆ ಮಾಡಬೇಡ. ನಾನಿದ್ದೀನಲ್ಲ."

ಕನೀಜ್ ಬೀ ಕೂತಳು. ನಲವತ್ತನೇ ದಿನದ ಫಾತೆಹಾಕ್ಕೆ ಜನ ಬರುವರೆಂದು ಆಪಾ ಹಾಲನ್ನು ತೆರವು ಮಾಡಿಸಿದಳು. ತಖ್ತು ಒಳಕೋಣೆಗೆ ಹೋಯಿತು. ಮರೆ ಹೋದ ಮೇಲೆ ಟಬ್ಬು ಬಯಲಾಗಿ ಕೂತಿತ್ತು. "ಕುರಾನು ಓದೋ ಕಡೆ ಇದನ್ನಿಡೋದಾ, ತೋಬಾ," ಎಂದು ಆಪಾ ಅದನ್ನೆತ್ತಿ ಬಾಲ್ಕನಿಗೆ, ಮಿಷನ್ನಿನ ಪಕ್ಕ ಇಟ್ಟಳು. ಹಳೇ ಮರಳನ್ನೆಲ್ಲ ಸುರಿದು ಟಬ್ಬನ್ನು ಫಿನಾಯಿಲಿನಲ್ಲಿ ಮಿಂಚುವ ಹಾಗೆ ತಿಕ್ಕಿದಳು. ಅವಳ ಲೆಕ್ಕದಲ್ಲಿ ಅದು ಉಪಕಾರವೇ. ಕನೀಜ್ ಬೀಗೆ ಅಲ್ಲಾಡಿಸಬೇಡ ಎಂಬ ಮಾತು ನೆನಪಾಯಿತು, ನಾಲಿಗೆಯ ತುದಿಗೂ ಬಂತು. ಆದರೆ ಆ ದಿನಗಳಲ್ಲಿ ಬಾಯಿ ತೆರೆಯುವುದೇ ಒಂದು ಹೊರೆಯಾಗಿತ್ತು. ನಾಳೆ ಹೇಳಿದರಾಯಿತು ಎಂದುಕೊಂಡಳು.

ಗೋಡೆಯಿಂದ ಗೋಡೆಗೆ ಬಿಳಿ ಚಾಂದನಿ ಹಾಸಿದರು. ಹೆಂಗಸರು ಸುತ್ತ ಕೂತು ಖರ್ಜೂರದ ಬೀಜ ಎಣಿಸುತ್ತ ಓದುತ್ತಿದ್ದಾಗ ಮಿಸ್ರಿ ಒಳಬಂತು. ಜನರ ನಡುವೆ ಮೆಲ್ಲಗೆ ನಡೆದು ಕಿಟಕಿ ಮೂಲೆಗೆ ಹೋಗಿ, ಚಾಂದನಿಯನ್ನು ಮುಂಗಾಲಿನಿಂದ ಎರಡು ಸಲ ಕೆರೆದು, ಎಲ್ಲರ ಎದುರಿಗೆ ಕೂತುಬಿಟ್ಟಿತು. ಬಿಳಿ ಬಟ್ಟೆಯ ಮೇಲೆ ಹಳದಿ ಅಗಲವಾಗುತ್ತ ಹೋಯಿತು. ಓದು ನಿಂತಿತು. ಯಾರೋ ಸೆರಗಿನಲ್ಲಿ ಮೂಗು ಮುಚ್ಚಿಕೊಂಡರು. ಕನೀಜ್ ಬೀಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು.

ಆಮೇಲೆ ಅದು ನಿತ್ಯದ ರಗಳೆಯಾಯಿತು. ಹಿಡಿದು ತಂದು ಬಾಲ್ಕನಿ ಟಬ್ಬಿನಲ್ಲಿ ಬಿಟ್ಟರೆ ಫಿನಾಯಿಲಿನ ಘಾಟಿಗೆ ತುಟಿ ಮೇಲೆತ್ತಿ ಛಂಗನೆ ಹಾರಿ ಓಡುವುದು, ಆಪಾ ಫಿನಾಯಿಲನ್ನು ಇನ್ನಷ್ಟು ಸುರಿಯುವಳು.

"ಬೆಕ್ಕು ಪಾಕ್ ಪ್ರಾಣಿ, ಶುದ್ಧವಾದದ್ದು, ನಾನೇನು ಇಲ್ಲ ಅಂತೀನಾ. ಅದರ ಉಚ್ಚೆ ಪಾಕ್ ಅಲ್ವಲ್ಲ. ಈ ಮನೇಲಿ ನಮಾಜು ಹೆಂಗೆ ಮಾಡೋದು ದುಲ್ಹನ್? ನನ್ನ ತಮ್ಮ ಮುದ್ದು ಮಾಡಿ ಮಾಡಿ ತಲೆ ಮೇಲೆ ಕೂರಿಸ್ಕೊಂಡು ಹೋದ."

"ಅದಕ್ಕೂ ಅವರಿಲ್ಲ ಅಂತ ಸಂಕಟ ಇರಬೇಕು ಆಪಾ."

"ಸಂಕಟ ನನಗಿಲ್ವಾ? ನಾನೇನು ಚಾಂದನಿ ಮೇಲೆ ಕೂತ್ಕೋತೀನಾ?"

ಅಂಥ ಹೊತ್ತಿನಲ್ಲೂ ಕನೀಜ್ ಬೀಗೆ ನಗು ಬಂತು. ಗಂಡ ಹೋದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು.

ಆದರೆ ಮರುದಿನ ಬೆಳಗ್ಗೆ ಆಗಬಾರದ್ದು ಆಯಿತು. ಸಾಹೇಬರ ಬಟ್ಟೆಗಳನ್ನೆಲ್ಲ ಪದ್ಧತಿಯಂತೆ ಒಗೆದು ಬಡವರಿಗೆ ಕೊಟ್ಟಾಗಿತ್ತು. ಉಳಿದಿದ್ದು ಅವರ ಜಾನಮಾಜೊಂದೇ. ಹಣೆ ಮುಟ್ಟಿ ಮುಟ್ಟಿ ಒಂದು ಕಡೆ ಸವೆದು ದಾರ ಕಾಣುತ್ತಿದ್ದ ಹಸಿರು ಜಾನಮಾಜು. ಕನೀಜ್ ಬೀ ಅದರ ಮೇಲೆ ನಮಾಜು ಮಾಡಿ, ತಖ್ತಿಲ್ಲದ್ದರಿಂದ ಮಡಿಚಿ ಅಲ್ಲೇ ಮೂಲೆಯಲ್ಲಿಟ್ಟು ಚಹಾಕ್ಕೆ ಎದ್ದಿದ್ದಳು. ಬಂದು ನೋಡಿದರೆ ಅದು ಒದ್ದೆ. ಮಿಸ್ರಿ ಪಕ್ಕದಲ್ಲಿ ಕೂತು ಅದನ್ನು ಕೆರೆದು ಕೆರೆದು ಮುಚ್ಚಲು ನೋಡುತ್ತಿತ್ತು.

ಕನೀಜ್ ಬೀ ಕೈಗೆ ಸಿಕ್ಕ ಚಪ್ಪಲಿ ಬೀಸಿದಳು. ತಾಗಲಿಲ್ಲ, ಆದರೆ ಬೆಕ್ಕು ಹಿಂದೆ ಸರಿದು, ಇವಳು ಯಾರೆಂದು ಗೊತ್ತಾಗದ ಹಾಗೆ ನೋಡಿತು.

"ಅಜೀಮನ್ನ ಕರೀರಿ ಆಪಾ. ತಗೊಂಡು ಹೋಗ್ಲಿ. ನನ್ನ ಕಣ್ಣಿಗೆ ಬೀಳೋದು ಬೇಡ."

ಅಜೀಮ್ ತಲತ್ ಆಪಾಳ ಮಗ, ಹೆಂಡತಿ ಮಕ್ಕಳಿರುವವನು. ಬೆಕ್ಕನ್ನು ಬಟ್ಟೆ ಚೀಲಕ್ಕೆ ಹಾಕಿ ಸ್ಕೂಟರಿನ ಮುಂದಿಟ್ಟುಕೊಂಡ. "ಮುಮಾನಿ, ಚಿಂತೆ ಬೇಡ. ನಮ್ಮ ಕಡೆ ಶಾದಿಖಾನೆ ಹಿಂದೆ ಬಿಡ್ತೀನಿ. ದಿನಾ ಮದುವೆ, ದಿನಾ ಬಿರಿಯಾನಿ. ನಮಗಿಂತ ಚೆನ್ನಾಗಿ ತಿನ್ನತ್ತೆ."

ಚೀಲದೊಳಗಿಂದ ಮಿಸ್ರಿ ಕೂಗಲಿಲ್ಲ. ಕೂಗಿದ್ದರೆ ಅವಳು ತಡೆಯುತ್ತಿದ್ದಳೇನೋ.

ಜಾನಮಾಜನ್ನು ಒಗೆಯಲು ಆಪಾ ಕೈ ಹಾಕಿದಾಗ ಕನೀಜ್ ಬೀ, "ಬಿಡಿ, ಅದನ್ನ ನಾನೇ ಒಗೀತೀನಿ," ಎಂದು ಬಾಲ್ಕನಿಯ ಮೂಲೆಯಲ್ಲಿ ಹಾಕಿದಳು. ಆಮೇಲೆ ಹಾಲಿನ ನೆಲ ಒರೆಸಲು ಕೂತಳು. ಮಂಡಿ ಮಡಿಚಲಾಗದೆ ಕಾಲು ಚಾಚಿಕೊಂಡೇ ಒರೆಸುತ್ತಿದ್ದವಳ ಕೈ ಕಿಟಕಿ ಮೂಲೆಯಲ್ಲಿ ನಿಂತಿತು. ಟಬ್ಬು ವರ್ಷಗಟ್ಟಲೆ ಕೂತಿದ್ದ ಕಡೆ ನೆಲದ ಬಣ್ಣ ಬೇರೆಯೇ ಇತ್ತು. ಟಬ್ಬಿನಷ್ಟೇ ಅಗಲ, ಟಬ್ಬಿನಷ್ಟೇ ಉದ್ದ. ಒದ್ದೆಯಿದ್ದದ್ದು ಅದರ ಒಳಗೇ, ಒಂದಿಂಚು ಆಚೆಗಿಲ್ಲ. ಚಾಂದನಿ ಮೇಲೆ ಕೂತಿದ್ದೂ ಇಲ್ಲೇ. ಜಾನಮಾಜನ್ನು ತಾನು ಇಟ್ಟಿದ್ದೂ ಇಲ್ಲೇ.

ಬೆಕ್ಕು ತನ್ನ ಜಾಗ ಬಿಟ್ಟು ಎಲ್ಲೂ ಹೋಗಿರಲಿಲ್ಲ. ಅದರ ಜಾಗಕ್ಕೆ ಹೋಗಿ ಹಾಸಿದವರು ಇವರು.

"ಆಪಾ," ಎಂದಳು, ಒರೆಸುವ ಬಟ್ಟೆ ಕೈಯಲ್ಲೇ ಹಿಡಿದು. "ನಾನು ಶಾದಿಖಾನೆ ತನಕ ಹೋಗಿ ಬರ್ತೀನಿ."

"ತಲೆ ಕೆಟ್ಟಿದ್ಯಾ ದುಲ್ಹನ್? ಇದ್ದತ್ತಲ್ಲಿ ಇದ್ದೀಯ. ಬೆಕ್ಕಿಗೋಸ್ಕರ ಬೀದಿಗಿಳೀತೀಯಾ? ಜನ ಏನಂತಾರೆ? ಅವನ ಹೆಸರಿಗಾದ್ರೂ ಬೆಲೆ ಬೇಡ್ವಾ?"

ಆ ಕೊನೆಯ ಮಾತಿನ ಮುಂದೆ ಅವಳ ಕಾಲು ಏಳಲಿಲ್ಲ. ಅಜೀಮನನ್ನೇ ಮತ್ತೆ ಕಳಿಸಿದಳು. ಅವನು ಹೋಗಿ ಎಂಜಲು ರಾಶಿಯ ಹತ್ತಿರ ಅರ್ಧ ಗಂಟೆ ನಿಂತು ಬಂದ. "ಕಂದು, ಕಪ್ಪು, ಪಟ್ಟೆ, ಎಲ್ಲಾ ಇದ್ದಾವೆ ಮುಮಾನಿ. ನಮ್ಮದಿಲ್ಲ." ಮರುದಿನವೂ ಅದೇ ಉತ್ತರ. ಅವನು ತಪ್ಪದೆ ಹೋದ, ಹೋಗಿಲ್ಲವೆಂದು ಹೇಳುವ ಹಾಗಿಲ್ಲ. ಆದರೆ ಪ್ರತಿಸಲವೂ ಅನ್ನದ ಹತ್ತಿರವೇ ಹುಡುಕಿದ.

ಕೆಳಮನೆಯ ಹೆಂಗಸು ಒಂದು ಉಪಾಯ ಹೇಳಿದಳು: ಬೆಕ್ಕು ಕೂತ ಹಳೇ ಮರಳಿದ್ದರೆ ಬಾಲ್ಕನಿಯಲ್ಲಿಡಿ, ತನ್ನ ವಾಸನೆ ಹಿಡಿದು ಎಷ್ಟು ದೂರದಿಂದಲಾದರೂ ಬರುತ್ತದೆ. ಇಲ್ಲದಿದ್ದರೆ ಅದನ್ನು ಸಾಕಿದವರ ಉಟ್ಟ ಬಟ್ಟೆಯಾದರೂ ಆದೀತು. ಕನೀಜ್ ಬೀ ಮನೆಯೆಲ್ಲ ತಡಕಿದಳು. ಮರಳು ಕಸದ ಗಾಡಿ ಸೇರಿತ್ತು. ಟಬ್ಬಿನಲ್ಲಿ ಫಿನಾಯಿಲು. ಬಟ್ಟೆಗಳು ಯಾರ್‍ಯಾರದೋ ಮೈಮೇಲಿದ್ದವು. ಕೊನೆಗೆ ಒಗೆಯದೆ ಬಿಟ್ಟಿದ್ದ ಜಾನಮಾಜು ಕಣ್ಣಿಗೆ ಬಿತ್ತು. ಅದನ್ನೆತ್ತಿ ಬಾಲ್ಕನಿಯ ಕಂಬಿಗೆ ನೇತುಹಾಕಿದಳು.

ತಲತ್ ಆಪಾ ಹೌಹಾರಿದಳು. "ಹಣೆ ಇಡೋ ಬಟ್ಟೆ ಅದು. ಪಾಕ್ ಮಾಡದೆ ಬೀದಿಗೆ ಕಾಣೋ ಹಾಗೆ ಹಾಕ್ತೀಯಾ?"

"ಅದರ ವಾಸನೆ ಇರೋದು ಇದೊಂದರಲ್ಲೇ ಆಪಾ. ಅವರದ್ದೂ ಇದೊಂದರಲ್ಲೇ. ಬಾಕಿ ಎಲ್ಲಾ ನಾವು ತೊಳೆದುಬಿಟ್ವಿ."

ಆಪಾ ಸ್ವಲ್ಪ ಹೊತ್ತಿನ ಮೇಲೆ ಕಂಬಿಯ ಹತ್ತಿರ ಹೋಗಿ, ಯಾರೂ ನೋಡುತ್ತಿಲ್ಲವೆಂದುಕೊಂಡು, ಸವೆದ ಆ ಜಾಗಕ್ಕೆ ಮುಖ ಒತ್ತಿ ನಿಂತಳು. ಕನೀಜ್ ಬೀ ಒಳಗಿನಿಂದ ನೋಡಿದಳು, ನೋಡದವಳ ಹಾಗೆ ಅಕ್ಕಿ ಆರಿಸಿದಳು.

ಅಂದೇ ತಖ್ತು ಹಾಲಿಗೆ ಮರಳಿತು. ಫಿನಾಯಿಲಿನ ವಾಸನೆ ಹೋಗುವವರೆಗೆ ಟಬ್ಬನ್ನು ಬಿಸಿನೀರಲ್ಲಿ ತೊಳೆದು ಬಿಸಿಲಿಗಿಟ್ಟು, ಹೊಸ ಮರಳು ತುಂಬಿ, ನೆಲದ ಗುರುತಿಗೆ ಸರಿಯಾಗಿ ಕೂರಿಸಿದಳು. ದಿನಾ ಬೆಳಗ್ಗೆ ನಮಾಜಾದ ಮೇಲೆ ತಖ್ತು ಹಿಡಿದು ಬಗ್ಗಿ, ಸೌಟು ಆಡಿಸುವಳು. ಸೌಟಿಗೆ ಏನೂ ಸಿಗುತ್ತಿರಲಿಲ್ಲ. ನಿನ್ನೆ ಸಮ ಮಾಡಿದ ತನ್ನ ಬೆರಳಿನ ಗೆರೆಗಳೇ ಹಾಗೇ ಇರುತ್ತಿದ್ದವು. ಇದು ಹೇಳೋದೆಲ್ಲ ಈ ಮರಳಲ್ಲೇ, ಎಂದಿದ್ದರಲ್ಲ ಅವರು. ಮರಳು ದಿನವೂ ಒಂದೇ ಮಾತು ಹೇಳುತ್ತಿತ್ತು.

ಇದ್ದತ್ತು ಮುಗಿದ ದಿನ ಅಣ್ಣನ ಮನೆಗೆ ಕರೆದೊಯ್ಯಲು ಕಾರು ಬಂತು. ಮೊದಲ ಸಲ ಹೊರಗಿಳಿಯುವ ಹೆಂಗಸು ತವರಿಗೆ ಹೋಗುವುದು ವಾಡಿಕೆ. ಕನೀಜ್ ಬೀ ಜಾನಮಾಜನ್ನು ಮಡಿಚಿ ಬುರ್ಖಾದೊಳಗೆ ಹಿಡಿದು, "ಮೊದಲು ಶಾದಿಖಾನೆ," ಎಂದಳು. ಆಪಾ ಎದುರಾಡದೆ ಪಕ್ಕದಲ್ಲಿ ಕೂತಳು.

ಎಂಜಲು ಸುರಿಯುವ ಕಡೆ ಬೆಕ್ಕುಗಳು ಕಾದಾಡುತ್ತಿದ್ದವು. ಕನೀಜ್ ಬೀ ಅತ್ತ ತಿರುಗಿಯೂ ನೋಡಲಿಲ್ಲ. ಹಿಂದಿನ ಗಲ್ಲಿಯಲ್ಲಿ ಒಂದು ಮನೆ ಕಟ್ಟುತ್ತಿದ್ದರು. ಅವಳು ನೇರ ಅಲ್ಲಿಗೆ ಹೋಗಿ ಕಾವಲುಗಾರನನ್ನು ಕೇಳಿದಳು, "ಅಣ್ಣಾ, ಇಲ್ಲಿ ಮರಳು ಹಾಕಿದ್ರಾ?"

"ಹಾಕಿದ್ವಮ್ಮ. ಗಿಲಾವಿಗೆ ಎಲ್ಲಾ ಖಾಲಿಯಾಯ್ತು."

"ಒಂದು ಬಿಳಿ ಬೆಕ್ಕು..."

"ಓ, ಕಣ್ಣು ಒಂದೊಂದು ಬಣ್ಣದ್ದಾ? ನಿಮ್ಮದಾ ಅದು?" ಅವನು ಬೀಡಿ ಬಿಸಾಡಿದ. "ಮರಳು ಗುಡ್ಡೆ ಬಿಟ್ಟು ಕದಲ್ತಿರಲಿಲ್ಲಮ್ಮ. ಊಟಕ್ಕೆ ಆ ಕಡೆ ಹೋದ್ರೆ ಆ ಗಂಡು ಬೆಕ್ಕುಗಳು ಬಿಡ್ತಿರಲಿಲ್ಲ. ನಾನೇ ಒಂದಿಷ್ಟು ಹಾಲು ಹಾಕ್ತಿದ್ದೆ. ಮರಳು ಮುಗಿದ ಮೇಲೂ ಆ ಜಾಗದಲ್ಲೇ ಬಂದು ಕೂರೋದು, ಬರೀ ನೆಲದ ಮೇಲೆ. ದಾರಿ ನೋಡ್ತಾ ಇರೋದು. ಹೋದ ವಾರ ಬೆಳಗ್ಗೆ ಎದ್ದು ನೋಡಿದ್ರೆ ತಣ್ಣಗಾಗಿತ್ತು. ಅಲ್ಲೇ ಗೋಡೆ ಪಕ್ಕ ಮಣ್ಣು ಮಾಡ್ದೆ."

ಹೋದ ವಾರ. ಕನೀಜ್ ಬೀ ಗೋಡೆಯನ್ನು ನೋಡಿದಳು. ಮನೆಯಿಂದ ಇಲ್ಲಿಗೆ ಕಾರು ಎರಡು ಸಿಗ್ನಲ್ಲು ದಾಟಿತ್ತು, ಅಷ್ಟೇ. ಅಜೀಮನಿಗೆ ಮರಳಿನ ಹತ್ತಿರ ನೋಡು ಎಂದು ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಆ ಒಂದು ಮಾತು ತನಗೆ ಇಷ್ಟು ದಿನವೂ ಹೊಳೆಯಲಿಲ್ಲ, ಹೊಸ್ತಿಲ ಹೊರಗೆ ಕಾಲಿಟ್ಟಾಗ ಹೊಳೆಯಿತು. ಅವಳು ಅಲ್ಲೇ ಇಟ್ಟಿಗೆ ಮೇಲೆ ಕೂತು, ಗಂಡ ಸತ್ತಾಗ ಅಳದಷ್ಟು ಜೋರಾಗಿ ಅತ್ತಳು. ತಲತ್ ಆಪಾ ಜನ ನೋಡುತ್ತಾರೆ ಎನ್ನಲಿಲ್ಲ. ಅವಳ ತಲೆಯನ್ನು ತನ್ನ ಸೊಂಟಕ್ಕೆ ಒತ್ತಿ ಹಿಡಿದು ನಿಂತಳು.

"ನಾನೇ ಎತ್ತಿಟ್ಟೆ ದುಲ್ಹನ್ ಟಬ್ಬನ್ನ. ನಾನೇ."

"ನನಗೆ ಅವರು ಹೇಳಿದ್ರು ಆಪಾ. ನಿಮಗೆ ಹೇಳಿರಲಿಲ್ಲ."

ತವರಿಗೆ ಹೋಗಲಿಲ್ಲ, ಮನೆಗೆ ಬಂದರು. ಕನೀಜ್ ಬೀ ಬುರ್ಖಾ ತೆಗೆದು, ಜಾನಮಾಜನ್ನು ಬಚ್ಚಲಿಗೆ ಒಯ್ದು ಹಾಸಿದಳು.

"ನೀರು ಬಿಡಿ ಆಪಾ. ಇನ್ನು ಒಗೀಬಹುದು."

ಆಪಾ ನಲ್ಲಿ ತಿರುಗಿಸಿದಳು. ಮೂಲೆಯಲ್ಲಿದ್ದ ಫಿನಾಯಿಲು ಬಾಟಲಿಯನ್ನು ಕಾಲಿನಿಂದ ಆಚೆಗೆ ಸರಿಸಿದಳು. ಪಾಕ್ ಆಗಲು ಮೂರು ಸಲ ನೀರು ಹಾಯಿಸಬೇಕು. ಮೊದಲ ಸಲ ನೀರು ಹಳದಿಯಾಗಿ ಹೋಯಿತು, ಎರಡನೇ ಸಲ ತಿಳಿಯಾಯಿತು. ಮೂರನೇ ಸಲಕ್ಕೆ ಮುಂಚೆ ಕನೀಜ್ ಬೀ ಬಗ್ಗಿ ಅದನ್ನು ಮೂಸಿದಳು. ಬರೀ ಒದ್ದೆ ಬಟ್ಟೆಯ ವಾಸನೆ ಇತ್ತು. ಆಮೇಲೆ ಅವಳು ಮೂರನೇ ಸಲದ ನೀರನ್ನೂ ಸುರಿದಳು.