ಉಡಿಯಾಗಿನ ಗುಳಿಗಿ

ನನ್ನ ಹೆಸರು ಶೇಖರಮ್ಮ. ಪಾಮನಕಲ್ಲೂರಾಗ ನನ್ನ ಬಾಯಿಗೆ ಅಂಜದವರು ಅಂದ್ರ ನನ್ನ ಗಂಡ ಅಂಬಪ್ಪ ಒಬ್ಬನ, ಯಾಕಂದ್ರ ಆತಗ ಕಿವಿ ಮಂದ. ಊಟ ಬಲ್ಲವನಿಗೆ ರೋಗಿಲ್ಲ, ಮಾತು ಬಲ್ಲವನಿಗೆ ಜಗಳಿಲ್ಲ ಅಂತಾರಲ್ಲ, ನಂಗ ಎರಡೂ ಬರಂಗಿಲ್ಲ. ಅದಕ್ಕ ಮೈಯಾಗ ಸಕ್ಕರಿ ರೋಗಾನೂ ಐತಿ, ಓಣ್ಯಾಗ ಜಗಳಾನೂ ಐತಿ. ಆದ್ರ ಈಗ ಹೇಳಾಕ ಕುಂತದ್ದು ನನ್ನ ಅಕ್ಕ ಹೊನ್ನೂರಮ್ಮನ ಸುದ್ದಿ. ಆಕಿ ಲಕ್ವಾ ಹೊಡದು ಸತ್ತಳು ಅಂತ ಜವಳಗೇರಾದಾಗ ಎಲ್ಲಾರೂ ಅಂತಾರ. ಸುಳ್ಳು.

ಅಕ್ಕನ ಕೊಟ್ಟದ್ದು ಜವಳಗೇರಾಕ್ಕ. ಸಿಂಧನೂರು ಕಡಿ ಕಾಲುವಿ ನೀರಿನ ಊರು, ಎಲ್ಲಿ ನೋಡಿದ್ರೂ ನೆಲ್ಲು. ನಮ್ಮದು ಮಳಿ ನಂಬಿದ ಊರು, ಜ್ವಾಳ, ತೊಗರಿ, ಕುರಿ. ಇಬ್ಬರಿಗೂ ಅವ್ವನಿಂದ ಬಂದದ್ದು ಒಂದ ಆಸ್ತಿ, ಈ ಸಕ್ಕರಿ ರೋಗ. ಅವ್ವನ ಕಾಲು ಕೊಳತು, ಮೊಣಕಾಲ ತನಕ ಕೊಯ್ದು ತಗದ್ರೂ ಉಳೀಲಿಲ್ಲ. ಆ ವಾಸನಿ ನಾವಿಬ್ಬರೂ ಮರತಿಲ್ಲ.

ಹೋದ ವರ್ಷ ಒಂದು ಸಂಶೋಧನಿ ಅಂತ ಸುರು ಆತು. ಬಿಪಿ, ಸಕ್ಕರಿ ಇದ್ದವರ ಮನಿ ಬಾಗಿಲಿಗೇ ಗುಳಿಗಿ ಕೊಟ್ಟು, ತಿಂಗಳಾ ತಪಾಸ ಮಾಡಿದ್ರ ಹಳ್ಳಿ ಮಂದಿ ಸುಧಾರಿಸ್ತಾರೋ ಇಲ್ಲೋ ನೋಡಬೇಕಂತ. ಅದರ ಡಾಕ್ಟರು ನಿಶಾತ್ ಮೇಡಮ್ಮ, ಸಣ್ಣ ವಯಸ್ಸಿನ ಹುಡುಗಿ, ಮಾತು ಮೆತ್ತಗ. ಆಕಿ ನಮ್ಮ ಊರಾಗ ಕೂಡಿಸಿ ಹೇಳಿದ್ಲು: ಸಿಂಧನೂರು ಕಡಿ ಹಳ್ಳಿಗೆ ಮೊದಲನೇ ವರ್ಷದಿಂದ ಗುಳಿಗಿ, ನಿಮ್ಮ ಮಸ್ಕಿ ಕಡಿ ಹಳ್ಳಿಗೆ ಎರಡನೇ ವರ್ಷದಿಂದ. ಅಲ್ಲಿತನಕ ನಿಮ್ಮ ರಕ್ತ ಅಷ್ಟ ನೋಡ್ತೀವಿ, ಗುಳಿಗಿ ನೀವ ದವಾಖಾನಿಗೆ ಹೋಗಿ ತಗೋರಿ, ಆಮ್ಯಾಲ ಎರಡೂ ಕಡಿದು ಹೋಲಿಸ್ತೀವಿ.

ನಾ ಸುಮ್ಮಿರಾಕಿ ಅಲ್ಲ. "ಏನ್ ಮೇಡಮ್ಮಾರ, ಇಬ್ಬರು ಮಕ್ಕಳದಾಗ ಒಬ್ಬಾಕಿಗೆ ರೊಟ್ಟಿ ಕೊಟ್ಟು, ಇನ್ನೊಬ್ಬಾಕಿ ಹೊಟ್ಟಿ ಅಳತಿ ಮಾಡಿದಂಗಾತಲ್ರಿ ಇದು?" ಅಂದೆ. ಮಂದಿ ನಕ್ಕರು. ಆಕಿ ಮಾರಿ ಕೆಂಪಗಾತು. "ಎಲ್ಲಾರಿಗೂ ಒಮ್ಮೆಲೆ ಕೊಡಾಕ ನಮ್ಮ ಕೈಲಿ ಆಗಂಗಿಲ್ಲರೀ, ಅದಕ್ಕ ಸರತಿ ಹಚ್ಚೀವಿ" ಅಂದ್ಲು. ಖರೇ ಹೇಳಿದ್ಲು, ಅದಕ್ಕ ಬೈಯಾಕ ಮನಸ್ಸಾಗಲಿಲ್ಲ.

ನಾನೂ ಒಂದೆರಡು ಸಲ ದವಾಖಾನಿಗೆ ಹೋದೆ. ಆಮ್ಯಾಲ ತೊಗರಿ ಕಳೆ ಬಂತು, ಕುರಿ ಈದ್ವು, ಬಿಟ್ಟೆ. ಮಳಿಗಾಲದಾಗ ಹೆಬ್ಬೆರಳಿಗೆ ಒಂದು ಮುಳ್ಳು ಚುಚ್ಚಿದ್ದು ಮಾಯಲೇ ಇಲ್ಲ. ಅದನ್ನ ನೋಡಿದಾಕಿ ಅಕ್ಕ. ನಾ ಜವಳಗೇರಾಕ್ಕ ಹೋದಾಗ ಕಾಲಿಗೆ ಸುತ್ತಿದ್ದ ಅರಿವಿ ಬಿಚ್ಚಿಸಿದ್ಲು, ಮೂಗಿಗೆ ಸೆರಗು ಹಿಡದು, ಅಲ್ಲೇ ಕುಂತು ಅತ್ತಳು.

"ಅವ್ವನ ಕಾಲಿನ ವಾಸನಿ ಬರಾಕತ್ತೈತಿ, ಬೇ."

ನಾ ಹೊರಡಾಗ ಉಡಿ ತುಂಬಿದ್ಲು. ಅಕ್ಕನ ಮನಿಗೆ ಹೋದ ತಂಗಿ ಬರೇ ಉಡೀಲೆ ಬರಬಾರದು, ಅದು ನಮ್ಮ ರೂಢಿ. ಅಕ್ಕಿ, ಉತ್ತತ್ತಿ, ಒಣಕೊಬ್ಬರಿ, ಅರಿಷಿಣ ಬೇರು ಹಾಕಿದ್ಲು, ಅವುಗಳ ಬುಡಕ ಒಂದು ಸಣ್ಣ ಗಂಟು. ಮನಿಗೆ ಬಂದು ಬಿಚ್ಚಿದ್ರ ಗುಳಿಗಿ. ಆಕಿ ತಿಂಗಳಿನ ಗುಳಿಗಿ ಒಳಗ ಅರ್ಧ.

ಫೋನ್ ಹಚ್ಚಿ ಬಾಯಿಗೆ ಬಂದಂಗ ಬೈದೆ. "ಹುಚ್ಚಿ ಅದೀಯೇನು? ನೀ ಏನು ಮಣ್ಣು ತಿಂತೀ?"

"ಉಡ್ಯಾಗ ಬಿದ್ದದ್ದು ವಾಪಸ್ ಕೊಡಬಾರದಲೇ. ಸುಮ್ನ ನುಂಗು" ಅಂದ್ಲು. ಸಣ್ಣಾಕಿದ್ದಾಗ ಒಂದ ಗಂಗಾಳದಾಗ ಉಂಡೀವಿ. ಅಕ್ಕ ಒಬ್ಬಾಕಿನ ಏನರ ತಿಂದದ್ದು ನಾ ಕಂಡಾಕಿ ಅಲ್ಲ.

ಆಕಿ ಮನಿಗೆ ಗುಳಿಗಿ ತರಾಕಿ ಜ್ಯೋತಿ ಅಂತ ಆಶಾ ಕಾರ್ಯಕರ್ತಿ. ಗುಳಿಗಿ ತಗದ ಖಾಲಿ ಚೀಟು ತೋರಿಸು ಅಂತ ಕೇಳ್ತಿದ್ಲು. ಅಕ್ಕ ಎಲ್ಲಾ ಗುಳಿಗಿ ಬಿಡಿಸಿ, ಖಾಲಿ ಚೀಟು ತೋರಿಸಿ, ಅರ್ಧ ನಂಗ ಕಟ್ಟಿಡ್ತಿದ್ಲು. ಹಿಂಗಾಗಿ ಅಲ್ಲಿಯವರಿಗೆ ಏನ್ ಕಾಣಸ್ತು? ಹೊನ್ನೂರಮ್ಮ ಒಂದೂ ತಪ್ಪಸದಂಗ ನುಂಗಾಕತ್ಯಾಳ, ಆದ್ರೂ ಸಕ್ಕರಿ ಇಳಿವಲ್ದು. ನಿಶಾತ್ ಮೇಡಮ್ಮ ಗುಳಿಗಿ ಏರಿಸಿದ್ಲು. ಸ್ವಲ್ಪ ಇಳೀತು, ಸಾಲಲಿಲ್ಲ. ಮತ್ತ ಏರಿಸಿದ್ಲು.

ಅವತ್ತು ಅಕ್ಕ ಫೋನಿನಾಗ ಮದವಿ ಗೊತ್ತಾದವರಂಗ ಖುಷಿ ಇದ್ಲು. "ಏ ಶೇಖರಿ, ಜಾಸ್ತಿ ಮಾಡ್ಯಾರ! ಇನ್ನ ಇಬ್ಬರಿಗೂ ಬರೋಬ್ಬರಿ ಸಾಕಾಗ್ತಾವ."

ಖರೇನ ಸಾಕಾದ್ವು. ನನ್ನ ಬೆರಳು ಮಾಯ್ತು. ಜ್ಯೋತಿ ಬಂದು ನೋಡಿದ್ರ ಅಕ್ಕನ ಸಕ್ಕರೀನೂ ಇಳದಿತ್ತು. ಯಾರಿಗೂ ಏನೂ ತಕರಾರಿಲ್ಲ.

ಈ ವರ್ಷ ನಮ್ಮ ಸರತಿ ಬಂತು. ನಿಶಾತ್ ಮೇಡಮ್ಮ ಶಾಲಿ ಕಟ್ಟಿ ಮ್ಯಾಲ ಕುಂತು ಒಬ್ಬೊಬ್ಬರಿಗೆ ಗುಳಿಗಿ ಕೊಟ್ಟು ತಿಳಿಸಿ ಹೇಳಿದ್ಲು. ಹೊಟ್ಟಿ ಖಾಲಿ ಇಟ್ಟು ನುಂಗಬ್ಯಾಡ್ರಿ, ಬೆವರು ಬಂದು ಮೈ ನಡುಗಿದ್ರ, ಮಾತು ತೊದಲಿದ್ರ ಸಕ್ಕರಿ ಕಡಿಮಿ ಆಗೈತಿ ಅಂತ ತಿಳೀರಿ, ಲಗೂನ ಸಕ್ಕರಿ ಇಲ್ಲಾ ಬೆಲ್ಲ ಬಾಯಿಗೆ ಹಾಕ್ರಿ. ಇದನ್ನ ಜವಳಗೇರಾದಾಗೂ ಮೊದಲನೇ ವರ್ಷನ ಹೇಳಿದ್ರಂತ. ಅರ್ಧ ಗುಳಿಗಿ ನುಂಗಾಕಿಗೆ ಮೈ ಎಂದೂ ನಡುಗಿದ್ದಿಲ್ಲ, ಅಕ್ಕ ಮರತಿದ್ಲು.

ನಾ ಕುಣಕೊಂತ ಫೋನ್ ಹಚ್ಚಿದೆ. "ಅಕ್ಕಾ, ನಂಗೂ ಬಂದ್ವು! ಇನ್ನ ನಿನ್ನವು ನೀನ ನುಂಗು."

"ಹಂಗಾರ ಉಡ್ಯಾಗ ಅಕ್ಕಿ ಜಾಸ್ತಿ ಹಾಕ್ತೀನಿ ಬಿಡು" ಅಂತ ನಕ್ಕಳು.

ನಾಲ್ಕೈದು ದಿನ ಕಳದು ಶ್ರಾವಣ ಸೋಮವಾರ. ನಮ್ಮದು ಶಿವನ ಒಕ್ಕಲು, ಸಂಜಿ ಪೂಜಿ ಆಗೂತನಕ ಬಾಯಿಗೆ ಏನೂ ಹಾಕಂಗಿಲ್ಲ. ಗುಳಿಗಿ ಮಾತ್ರ ಎಂಥಾ ದಿನಾನೂ ತಪ್ಪಿಸಬಾರದು ಅಂತ ಜ್ಯೋತಿ ಹೇಳಿದ್ದು ಅಕ್ಕನ ತಲ್ಯಾಗಿತ್ತು. ಬರೇ ಹೊಟ್ಟೀಲೆ ನುಂಗಿದ್ಲು. ಪೂರಾ ನುಂಗಿದ್ಲು. ಮಧ್ಯಾಹ್ನದೊಳಗ ಪಡಸಾಲ್ಯಾಗ ಕುಸದು ಬಿದ್ಲು. ಮಾತು ತೊದಲಿತು, ಬಲಗೈ ಜೋತು ಬಿತ್ತು.

ಆಕಿ ಗಂಡ, ನನ್ನ ಭಾವ ಮಾನಪ್ಪ, ಲಕ್ವಾ ಅಂದ. ಓಣಿ ಮಂದೀನೂ ಲಕ್ವಾ ಅಂದ್ರು. ಲಕ್ವಾ ಅಂದ್ರ ನಮ್ಮ ಕಡಿ ಯಾರೂ ಮೊದಲ ದವಾಖಾನಿ ನೆನೆಸಂಗಿಲ್ಲ. ಸಿಂಧನೂರು ದವಾಖಾನಿ ಹತ್ರ ಇದ್ರೂ ಜೀಪಿನಾಗ ಹಾಕ್ಕೊಂಡು, ಮಸ್ಕಿ ಆಚೆ ಲಿಂಗಸುಗೂರು ರಸ್ತಾದಾಗ ಒಬ್ಬ ಔಷಧಿ ಕೊಡಾವನ ಹತ್ರ ಒಯ್ದ್ರು. ಆತ ಕಿವ್ಯಾಗ ರಸ ಹಿಂಡಿ, ಪಥ್ಯ ಹೇಳಿದ: ಹೊತ್ತು ಮುಳುಗೂತನಕ ಒಂದು ಹನಿ ನೀರೂ ಬಾಯಿಗೆ ಬೀಳಬಾರದು.

ಸುದ್ದಿ ತಿಳದು, ಸಿಕ್ಕ ಟಂಟಂ ಹತ್ತಿ ನಾ ಅಲ್ಲಿಗೆ ಮುಟ್ಟೋದ್ರಾಗ ಬಿಸಲು ಇಳದಿತ್ತು. ಬೇವಿನ ಗಿಡದ ಬುಡಕ ಚಾಪಿ ಮ್ಯಾಲ ಮಲಗಿಸಿದ್ರು. ಬೆವರಿಗೆ ಕುಬಸ ತೊಯ್ದು ತಪ್ಪಡಿ, ಹಣಿ ಮುಟ್ಟಿದ್ರ ತಣ್ಣಗ. ಶಾಲಿ ಕಟ್ಟಿ ಮ್ಯಾಲ ಮೇಡಮ್ಮ ಹೇಳಿದ್ದು ಇದನ್ನ.

"ಸಕ್ಕರಿ ತರ್ರಿ! ಯಾರರ ಸಕ್ಕರಿ ತರ್ರೋ!" ಅಂತ ಚೀರಿದೆ.

ಭಾವ ನನ್ನ ರಟ್ಟಿ ಹಿಡದ. "ಪಥ್ಯ ಐತಿ, ಕೆಡಸಬ್ಯಾಡ. ಹೊತ್ತು ಮುಳುಗಾಕ ಬಂತು."

"ಲಕ್ವಾ ಅಲ್ಲ ಭಾವ! ಇಷ್ಟು ದಿನ ಆಕಿ ಅರ್ಧ ಗುಳಿಗಿ ನುಂಗ್ಯಾಳ, ಅರ್ಧ ನಂಗ ಕೊಟ್ಟಾಳ. ಈಗ ಪೂರಾ ನುಂಗ್ಯಾಳ. ಬಿಡು ನನ್ನ!"

ಜೀಪಿನಾಗ ಬಂದ ಮಂದಿ ಎಲ್ಲಾ ನಿಂತು ಕೇಳಿದ್ರು. ಭಾವನ ಮಾರಿ ಕಪ್ಪಿಟ್ಟಿತು. "ನನ್ನ ಹೇಣ್ತಿ ಔಷಧಿ ನೀ ತಿಂದು, ಈಗ ಇಲ್ಲಿ ಶ್ಯಾಣೇತನ ಮಾಡ್ತೀಯೇನು?" ಅಂದ. ರಟ್ಟಿ ಬಿಡಲಿಲ್ಲ. ನಾ ಕೈ ಕಚ್ಚಿದೆ, ದೇವರಾಣಿ, ನಾಯಿ ಕಚ್ಚಿದಂಗ ಕಚ್ಚಿದೆ. ಅಲ್ಲೇ ಚಾದ ಅಂಗಡಿಯಿಂದ ಮುಟಗಿ ಸಕ್ಕರಿ ತಂದು ಅಕ್ಕನ ಒಸಡಿಗೆ ತಿಕ್ಕಿದೆ. ಹಲ್ಲು ಗಟ್ಟಿ ಕಚ್ಚಿದ್ಲು. ಸಕ್ಕರಿ ಎಲ್ಲಾ ಗದ್ದದ ಮ್ಯಾಲ ಸುರೀತು.

ಲಿಂಗಸುಗೂರು ದವಾಖಾನ್ಯಾಗ ಗ್ಲೂಕೋಸ್ ಹಚ್ಚಿದ್ರು. ಭಾಳ ಹೊತ್ತು ಮೆದುಳಿಗೆ ಸಕ್ಕರಿ ಸಿಕ್ಕಿಲ್ಲ ಅಂದ್ರು. ಕಣ್ಣು ತಗದ್ಲು, ಆದ್ರ ಆ ಕಣ್ಣಾಗ ನಾನೂ ಇರಲಿಲ್ಲ, ಯಾರೂ ಇರಲಿಲ್ಲ. ಮರದಿನ ಹ್ವಾದ್ಲು. ನನ್ನ ಅಕ್ಕ, ನನ್ನ ಕಾಲು ಉಳಿಸಿದಾಕಿ.

ಅಕ್ಕನ ದಿನಕರ್ಮ ಆದ ಮ್ಯಾಲ ಭಾವ ನನ್ನ ಒತ್ತಟ್ಟಿಗೆ ಕರದು, "ಲಕ್ವಾ ಅಂತ ಇರಲಿ ಬಿಡು, ಶೇಖರಮ್ಮ. ಜೀಪಿನಾಗ ಬಂದವರಿಗೂ ಬಾಯಿ ಬಿಡಬ್ಯಾಡ್ರಿ ಅಂದೀನಿ. ಗುಳಿಗಿ ಸುದ್ದಿ ತಗದ್ರ ಕಳ್ಳಿ ಅಂತಾರ ಆಕಿಗೆ. ಸತ್ತಾಕಿ ಹೆಸರಿಗೆ ಮಣ್ಣು ಹಾಕಬ್ಯಾಡ" ಅಂದ. ಕಳ್ಳಿ ಅನ್ನೋ ಮಾತು ಎದಿಗೆ ನಟ್ಟಿತು. ಹೂಂ ಅಂದೆ. ನಾ ಬಾಯಿ ಮುಚ್ಚಿಕೊಂಡದ್ದು ಜೀವಮಾನದಾಗ ಅದೊಂದ ಸಲ.

ನಮ್ಮೂರಾಗ ಮತ್ತ ತಪಾಸ ದಿನ ಬಂತು. ಭಾವಾನೂ ಅವತ್ತ ಬಂದಿದ್ದ. ಕುರಿ ನೋಡಾಕ ಬಂದೀನಿ ಅಂದ, ನನ್ನ ಬಾಯಿ ಕಾಯಾಕ ಬಂದಾನ ಅಂತ ನಂಗ ಗೊತ್ತು. ಶಾಲಿ ಬಾಗಿಲಾಗ ನಿಂತ. ಒಳಗ ನಿಶಾತ್ ಮೇಡಮ್ಮ ನಮ್ಮ ಓಣಿ ಜಂಬಮ್ಮನ ರಕ್ತ ನೋಡಿ, "ಎಲ್ಲಾ ಗುಳಿಗಿ ನುಂಗಾಕತ್ತೀರಿ, ಆದ್ರೂ ಸಕ್ಕರಿ ಇಳದಿಲ್ಲ ಜಂಬಮ್ಮ. ಜಾಸ್ತಿ ಮಾಡೋಣು" ಅಂದ್ಲು.

ಜಂಬಮ್ಮ ಖುಷಿಲೆ ಗೋಣು ಹಾಕಿದ್ಲು. ಆ ಖುಷಿ ನಾ ಕೇಳಿದ್ದ ಖುಷಿ. ಫೋನಿನಾಗ ಕೇಳಿದ್ದೆ.

ನನ್ನ ಮೈಯಾಗ ಬೆಂಕಿ ಬಿತ್ತು. ಎದ್ದು ನಿಂತೆ. "ಜಂಬಕ್ಕಾ, ಯಾರಿಗೆ ಕೊಡಾಕತ್ತೀಯಬೇ ಗುಳಿಗಿ?"

"ನಿನ್ನ ಬಾಯಿ ಸೇದಿ ಹೋಗಲಿ! ನಾ ಯಾರಿಗೆ ಕೊಡ್ಲಿ?"

"ನನ್ನ ಅಕ್ಕ ನಂಗ ಕೊಡ್ತಿದ್ಲು" ಅಂದೆ. ಬಾಗಿಲಾಗ ಭಾವ ಕೈ ಎತ್ತಿ ಬ್ಯಾಡ ಬ್ಯಾಡ ಅನ್ನಾಕತ್ತಿದ್ದ. ನಾ ನಿಲ್ಲಲಿಲ್ಲ. ಉಡಿ, ಖಾಲಿ ಚೀಟು, ಏರಿಸಿದ ಗುಳಿಗಿ, ಸೋಮವಾರ, ಎಲ್ಲಾ ಹೇಳಿದೆ. ಹೇಳಕೊಂತ ಅತ್ತೆ, ಅಳಕೊಂತ ಬೈದೆ. ಕಡೀಕ ಜಂಬಮ್ಮ ಕೆಳಗ ನೋಡಿ, "ಮನಿಯವರಿಗೆ ಕೊಡ್ತೀನಿ. ಗಂಡಸು, ಇಲ್ಲಿ ಬಂದು ಹೆಂಗಸರ ಸಾಲಿನಾಗ ಕುಂದ್ರಂಗಿಲ್ಲ ಅಂತಾನ" ಅಂದ್ಲು. ಹಿಂದಿನಿಂದ ಭಾಗ್ಯ ಅನ್ನಾಕಿ, ತನ್ನ ಬಿಪಿ ಗುಳಿಗಿ ಅತ್ತಿ ಬಾಯಿಗೆ ಹಾಕ್ತೀನಿ ಅಂದ್ಲು. ಮತ್ತೊಬ್ಬಾಕಿ ಅವ್ವಗ ಅಂದ್ಲು.

ನಿಶಾತ್ ಮೇಡಮ್ಮ ಕುರ್ಚಿ ಬಿಟ್ಟು ಏಳಲಿಲ್ಲ. "ಹೊನ್ನೂರಮ್ಮಗ ಏರಿಸಿದಾಕಿ ನಾನು" ಅಂದ್ಲು, ಅಷ್ಟ. ಆಕಿಗೆ ಬೈಬೇಕಂತ ಎಷ್ಟೋ ದಿನದಿಂದ ಕಟ್ಟಿಟ್ಟ ಮಾತಿದ್ವು. ಆ ಮಾರಿ ನೋಡಿ ಬೈಯೋದು ಬಿಟ್ಟೆ.

ಆವಾಗ ಭಾವ ಒಳಗ ಬಂದ. ಹೆಂಗಸರನ್ನ ದಾಟಿಕೊಂಡು ಬಂದು ನನ್ನ ಮುಂದ ನಿಂತ. ಸಿಟ್ಟಿಲೆ ಬಂದಾನ ಅಂದುಕೊಂಡೆ. ಸಿಟ್ಟಿರಲಿಲ್ಲ.

"ಶೇಖರಮ್ಮ, ಗಿಡದ ಬುಡಕ... ಒಯ್ದ ಕೂಡಲೇ ನಾ ಒಂದು ಮುಟಗಿ ಸಕ್ಕರಿ ಹಾಕಿದ್ರ... ಬದುಕ್ತಿದ್ಲೇನು?"

ಅವತ್ತಿನಿಂದ ಲಕ್ವಾ ಲಕ್ವಾ ಅಂತ ಹಿಡಕೊಂಡು ಕುಂತದ್ದು ಯಾಕಂತ ಆವಾಗ ತಿಳೀತು ನಂಗ. ಅಕ್ಕನ ಹೆಸರಿಗಲ್ಲ. ಪಾಪ, ಮುದುಕ. ಆಗಲೇ ಹೊತ್ತು ಮೀರಿತ್ತು ಭಾವ ಅಂತ ಒಂದು ಸುಳ್ಳು ಹೇಳಿದ್ರ ನನ್ನ ಗಂಟೇನು ಹೋಗ್ತಿತ್ತು? ನಾಲಿಗಿ ತುದಿತನಕ ಬಂದಿತ್ತು ಅದು. ಆದ್ರ ಜಂಬಮ್ಮ ನನ್ನ ಬಾಯಿ ನೋಡಾಕತ್ತಿದ್ಲು. ಭಾಗ್ಯ ನೋಡಾಕತ್ತಿದ್ಲು. ಸಕ್ಕರಿ ಹಾಕಿದ್ರೂ ಅಷ್ಟ, ಬಿಟ್ರೂ ಅಷ್ಟ ಅಂತ ಅವರು ಮನಿಗೆ ಹ್ವಾದ್ರ?

"ಹೂಂ ಭಾವ" ಅಂದೆ. "ಬದುಕ್ತಿದ್ಲು."

ಭಾವ ಅಲ್ಲೇ, ಹೆಂಗಸರ ಸಾಲಿನಾಗ, ನೆಲದ ಮ್ಯಾಲ ಕುಂತುಬಿಟ್ಟ.