ಮೇಜಿನ ಮೇಲಿನ ನಿಲ್ದಾಣ

"ಒಂದೇ ತಿಂಗಳು ಕಣೇ, ಆಮೇಲೆ ಟೇಬಲ್ಲು ನಿಂದೇ" ಎಂದು ಅವನು ಹೆಂಡತಿಗೆ ಮಾತು ಕೊಟ್ಟು ಹನ್ನೊಂದು ವರ್ಷವಾಗಿತ್ತು. ಆಗ ಮಗಳಿನ್ನೂ ಹುಟ್ಟಿರಲಿಲ್ಲ. ಈಗ ಅವಳಿಗೆ ಹತ್ತು ತುಂಬಿದೆ, ಊಟವೆಂದರೆ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಮಾಡುವ ಕೆಲಸವೆಂದೇ ನಂಬಿಕೊಂಡಿದ್ದಾಳೆ.

ಊಟದ ಮೇಜಿನ ಉದ್ದಗಲಕ್ಕೂ ಹರಡಿಕೊಂಡಿದ್ದದ್ದು ಒಂದು ಪುಟ್ಟ ರೈಲು ನಿಲ್ದಾಣ. ಅವನು ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವವನು. ದಿನವಿಡೀ ಕೂದಲೆಳೆಯಷ್ಟರ ಲೆಕ್ಕಾಚಾರದ ಜೊತೆ ಗುದ್ದಾಡಿ ಮನೆಗೆ ಬಂದವನು, ದಣಿವಾರಿಸಿಕೊಳ್ಳಲು ಅದಕ್ಕಿಂತ ಚಿಕ್ಕದರ ಜೊತೆ ಗುದ್ದಾಡುತ್ತಿದ್ದ. ಹೆಬ್ಬೆರಳಿನ ಉಗುರಿಗಿಂತ ತುಸುವೇ ಎತ್ತರದ ಪ್ಲಾಸ್ಟಿಕ್ ಜನ, ಒಟ್ಟು ಅರವತ್ತೆರಡು ಮಂದಿ. ಡಬ್ಬಿಯಿಂದ ಹೊರಬರುವಾಗ ಎಲ್ಲರೂ ಒಂದೇ ಬೂದು ಬಣ್ಣ. ಒಬ್ಬೊಬ್ಬರನ್ನೂ ಹಿಡಿಕೆಗೆಂದು ಬಾಟಲಿಯ ಮುಚ್ಚಳಕ್ಕೆ ಅಂಟಿಸಿ, ಅಂಗಿಗೊಂದು, ಮುಖಕ್ಕೊಂದು ಬಣ್ಣ ಬಳಿದು, ಮಡಿಕೆಗಳಿಗೆ ನೀರುನೀರಾದ ಕಪ್ಪು ಇಳಿಸಿ, ಕೊನೆಗೆ ಕಣ್ಣು ಇಡಬೇಕು. ಕಣ್ಣಿಡುವಾಗ ಉಸಿರು ಬಿಗಿಹಿಡಿಯಬೇಕು. ಕುಂಚ ಎಳ್ಳಷ್ಟು ಜಾರಿದರೂ ಆ ಮನುಷ್ಯ ಜೀವಮಾನವಿಡೀ ಬೆಚ್ಚಿಬಿದ್ದ ಮುಖ ಹೊತ್ತು ನಿಲ್ಲುತ್ತಾನೆ. ಅಂಥವರು ಒಂಬತ್ತು ಜನ ಇದ್ದರು. ರೈಲು ತಪ್ಪಿಸಿಕೊಂಡವರೆಂದು ಅವರನ್ನೆಲ್ಲ ಒಂದೇ ಕಡೆ ನಿಲ್ಲಿಸಿದ್ದ.

ಹೆಂಡತಿ ಸಿಟಿ ಬಸ್ಸಿನ ಡ್ರೈವರು. ಅವಳಿಗೆ ನಿಲ್ದಾಣದ ಮೇಲೆ ದ್ವೇಷವೇನೂ ಇರಲಿಲ್ಲ. ಪೆಟ್ಟಿಗೆ ಹೊತ್ತವನ ಸೊಂಟ ತಪ್ಪು ಕಡೆಗೆ ವಾಲಿದೆ ಎಂದು ಹೇಳಿ ತಿದ್ದಿಸಿದವಳು ಅವಳೇ. ಆದರೆ ಮೇಜು ಅವಳು ಮೊದಲ ಸಂಬಳದಲ್ಲಿ ಕೊಂಡದ್ದು, ಅದರ ಮೇಲೆ ಅವಳು ಉಂಡದ್ದು ಮಾತ್ರ ಎಣಿಸಿದಷ್ಟು ದಿನ.

ಹೀಗಿರುವಾಗ ಒಂದು ಮಂಗಳವಾರ ಅವಳ ಅಕ್ಕನ ಫೋನು ಬಂತು. ಅಕ್ಕ ಶಾಲೆಯೊಂದರ ಹೆಡ್ ಮೇಡಂ, ಮನೆಯಲ್ಲೂ ಆ ಹುದ್ದೆ ಬಿಟ್ಟವಳಲ್ಲ. ಮಂಡಿ ಆಪರೇಶನ್ ಆಗಿತ್ತು, ತಗ್ಗಿನ ಸೋಫಾದಲ್ಲಾಗಲಿ ನೆಲದ ಮೇಲಾಗಲಿ ಕೂರಕೂಡದೆಂದು ಡಾಕ್ಟರು ಹೇಳಿದ್ದರು. ಭಾನುವಾರ ಬರುತ್ತೇನೆಂದಳು, ಕೊಂಕನ್ನೂ ಸೇರಿಸಿದಳು. "ನಿಮ್ಮನೇಲಿ ಟೇಬಲ್ ಹತ್ರ ಕೂರೋಕೆ ಜಾಗ ಇದ್ಯೇನೇ? ಇಲ್ಲಾಂದ್ರೆ ಹೋಟೆಲಲ್ಲೇ ಉಂಡ್ಕೊಂಡು ಬರ್ತೀನಿ."

ಇದೆ ಎಂದುಬಿಟ್ಟಳು ತಂಗಿ. ಅಕ್ಕನ ಮೇಜಿನ ಮುಂದೆ ಅವಳು ಲೆಕ್ಕವಿಲ್ಲದಷ್ಟು ಸಲ ಉಂಡಿದ್ದಾಳೆ. ತನ್ನ ಮೇಜಿನ ಮುಂದೆ ಅಕ್ಕನನ್ನು ಕೂರಿಸಿ ಒಂದು ತುತ್ತು ಬಡಿಸಿದ್ದಿಲ್ಲ. ಅವಳಿಗೆ ಬೇಕಿದ್ದದ್ದು ಅಷ್ಟೇ, ಅದನ್ನೇ ಗಂಡನಿಗೂ ಹೇಳಿದಳು.

ಅವನು ತಕರಾರಿಲ್ಲದೆ ಒಪ್ಪಿದ. ನಿಲ್ದಾಣ ಕೂತಿದ್ದದ್ದು ತೆಳು ಹಲಗೆಯ ಮೇಲೆ. ಎತ್ತಿ ಬೀರುವಿನ ಮೇಲಿಟ್ಟರಾಯಿತು, ಅದೇನು ಮಹಾ ಎಂದ. ಶುಕ್ರವಾರ ಸಂಜೆ ಒಂದು ತುದಿ ಅವನು, ಇನ್ನೊಂದು ತುದಿ ಅವಳು ಹಿಡಿದರು. ದಾರಿ ತೋರಿಸುವ ಕೆಲಸ ಮಗಳದ್ದು. ಒಂದು, ಎರಡು, ಮೂರು ಎಂದು ಎತ್ತಿದರು. ನಿಲ್ದಾಣದ ಜೊತೆ ಮೇಜೂ ಎದ್ದಿತು.

ಇಳಿಸಿ, ಮತ್ತೆ ಎತ್ತಿದರು. ಮತ್ತೆ ನಾಲ್ಕು ಕಾಲೂ ನೆಲ ಬಿಟ್ಟವು. ಆಗ ಅವನ ಮುಖ ಆ ಒಂಬತ್ತು ಜನರ ಮುಖದಂತಾಯಿತು.

ಮರೆತೇಹೋಗಿದ್ದ ಸಂಗತಿ ಒಂದೊಂದೇ ಆಚೆ ಬಂತು. ಮೊದಲ ವಾರ ಗುಡ್ಡಕ್ಕೆಂದು ಕಲಸಿದ ಪ್ಲಾಸ್ಟರಿಗೆ ನೀರು ಜಾಸ್ತಿಯಾಗಿತ್ತು. ಹಲಗೆ ಹಪ್ಪಳದ ಹಾಗೆ ಸೊಟ್ಟಗಾಯಿತು. ನೆಟ್ಟಗಾಗಲೆಂದು ಅದರ ಕೆಳಗೆ ಅಂಟು ಸುರಿದು, ಮೇಜಿಗೇ ಒತ್ತಿ, ಮೇಲೆ ಪುಸ್ತಕ ಹೇರಿದ್ದ. ಎರಡು ದಿನ ಬಿಟ್ಟು ಕಿತ್ತರಾಯಿತು ಎಂದುಕೊಂಡಿದ್ದ.

"ಒಂದು ಡಬ್ಬಿ ಗಮ್ಮಾ?" ಹೆಂಡತಿ ಕೇಳಿದಳು.

"ಎರಡೂವರೆ."

ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಉತ್ತರ ಗೊತ್ತಿತ್ತು, ಹನ್ನೊಂದು ವರ್ಷದ ಅಭ್ಯಾಸ. ಪರವಾಗಿಲ್ಲ ಬಿಡಿ, ಅಕ್ಕನಿಗೆ ಹೋಟೆಲಲ್ಲೇ ಊಟ ಮುಗಿಸಿಕೊಂಡು ಬಾ ಎಂದು ಹೇಳುತ್ತೇನೆ ಎಂದು ಫೋನು ಹುಡುಕತೊಡಗಿದಳು. ಆ ಪರವಾಗಿಲ್ಲ ಕೇಳಿ ಅವನು ಅವಳಿಗಿಂತ ಮೊದಲೇ ಫೋನನ್ನು ಎತ್ತಿಕೊಂಡ.

"ಫೋನ್ ಮಾಡ್ಬೇಡ ಕಣೇ" ಎಂದ. "ನಾಳೆ ಕೀಳೋಣ."

ಕೀಳುವುದಕ್ಕೆ ಇದ್ದದ್ದು ಒಂದೇ ದಾರಿ: ಹಲಗೆಗೂ ಮೇಜಿಗೂ ನಡುವೆ ಉಕ್ಕಿನ ತಂತಿ ತೂರಿಸಿ, ಎರಡೂ ಕಡೆಯಿಂದ ಇಬ್ಬರು ಗರಗಸದ ಹಾಗೆ ಎಳೆಯಬೇಕು. ಹಲಗೆ ಬಳುಕುತ್ತದೆ, ಮೇಲಿನ ಪ್ಲಾಸ್ಟರು ಉಳಿಯುವುದಿಲ್ಲ. ಅದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಶನಿವಾರ ಮಧ್ಯಾಹ್ನ ಪ್ರಯಾಣಿಕರನ್ನೆಲ್ಲ ಚಿಮುಟದಲ್ಲಿ ಎತ್ತಿ ಮೊಟ್ಟೆಯ ಟ್ರೇಗಳಿಗೆ ಹತ್ತಿಸಿದರು. ಟ್ರೇಗೆ ಮೂವತ್ತು, ಎರಡು ಟ್ರೇ. ಉಳಿದಿಬ್ಬರಿಗೆ ಸೀಟಿಲ್ಲದೆ ಚಹಾ ಲೋಟದಲ್ಲಿ ನಿಂತು ಪ್ರಯಾಣ. ಮಗಳು ಸ್ಟೇಷನ್ ಮಾಸ್ಟರಾಗಿ, ಈ ನಿಲ್ದಾಣದಿಂದ ಇನ್ನು ಯಾವ ಗಾಡಿಯೂ ಹೊರಡುವುದಿಲ್ಲ ಎಂದು ಘೋಷಿಸಿದಳು.

ತಂತಿ ಎಳೆಯತೊಡಗಿದರು. ಮೊದಲು ಗುಡ್ಡ ಬಿರಿಯಿತು. ಆಮೇಲೆ ಪ್ಲಾಟ್‌ಫಾರಂ ಮೂರು ಹೋಳಾಯಿತು. ಜರಡಿ ಹಿಡಿದ ಮರಳಿನ ಜಲ್ಲಿ, ಹಸಿರು ಬಳಿದ ಮರದ ಹೊಟ್ಟಿನ ಹುಲ್ಲು, ಒಣಬೇರಿನ ಮರ ಎಲ್ಲವೂ ನೆಲಕ್ಕುದುರಿದವು. ಪ್ರತಿ ಬಿರುಕಿಗೂ ಅವನು ತಲೆಯೆತ್ತಿ ಹೆಂಡತಿಯನ್ನು ನೋಡುತ್ತಿದ್ದ. ಸಾಕು, ಬಿಡಿ ಎನ್ನುತ್ತಾಳೇನೋ ಎಂಬ ಆಸೆ. ಅವಳು ಬಸ್ಸಿನ ಸ್ಟಿಯರಿಂಗ್ ಹಿಡಿದು ಗಟ್ಟಿಯಾದ ಕೈಯಿಂದ ತಂತಿ ಜಗ್ಗುತ್ತಿದ್ದಳೇ ಹೊರತು ಹಾಗೆನ್ನಲಿಲ್ಲ.

"ರೀ, ನೋಡ್ತಾ ನಿಂತ್ರೆ ಆಗಲ್ಲ. ನೇರಕ್ಕೆ ಎಳೀರಿ."

ಹನ್ನೊಂದು ವರ್ಷ ಕಾದವಳು ಈಗ ಯಾಕೆ ಸಾಕೆನ್ನಬೇಕು ಎಂದು ಅವನಿಗೂ ಅನ್ನಿಸಿತು. ನೇರಕ್ಕೆ ಎಳೆದ.

ಭಾನುವಾರ ಅಕ್ಕ ಬಂದಳು, ಕೋಲೂರಿಕೊಂಡು ನೆಟ್ಟಗೆ ಕುರ್ಚಿಗೆ ಬಂದು ಕೂತಳು. ಬಟ್ಟೆ ಹಾಸಿದ್ದರೂ ಒಂದು ಕಡೆ ಬುಗುಟು ಎದ್ದಿತ್ತು, ಅಕ್ಕನ ಲೋಟ ಅಲ್ಲೇ ವಾಲಿತು.

"ಇದೇನೇ ಇದು, ಗುಡ್ಡದ ಹಾಗಿದೆ?"

"ಗುಡ್ಡಾನೇ ಅಕ್ಕ. ಅಷ್ಟು ಮಾತ್ರ ಕಿತ್ತು ಬರ್ಲಿಲ್ಲ" ಎಂದು ತಂಗಿ ಲೋಟವನ್ನು ಆಚೆ ಸರಿಸಿ ಬಡಿಸಿದಳು.

ಉಪ್ಪು ಕಮ್ಮಿ ಎಂದು ಅಕ್ಕ ಎರಡು ಸಲ ಹೇಳಿದಳು, ಮೂರು ಸಲ ಅನ್ನ ಹಾಕಿಸಿಕೊಂಡಳು. ಬಡಿಸಿ ಮುಗಿಸಿ ಹೆಂಡತಿಯೂ ಅಕ್ಕನ ಎದುರಿಗೆ ಕೂತು ಉಂಡಳು. ತಟ್ಟೆಯನ್ನು ಎಲ್ಲಿಡಬೇಕೆಂದು ಮಗಳಿಗೆ ಒಂದು ಸಲ ಹೇಳಿಕೊಡಬೇಕಾಯಿತು.

ಮೇಜು ವಾಪಸಾಯಿತು. ಅವನು ಕೊಟ್ಟ ಮಾತು ಉಳಿಸಿಕೊಂಡ, ಹನ್ನೊಂದು ವರ್ಷ ತಡವಾಗಿ.