ಹವಳಕ್ಕೆ ಕಟ್ಟಿದ ನೆರಳು

ಸಮುದ್ರ ನುಂಗಿದ ಗಂಡನಿಗೆ ಗೋರಿ ಎಲ್ಲಿಂದ ಬರಬೇಕು? ಈದ್ ಹಬ್ಬದ ಬೆಳಿಗ್ಗೆ ಕೆಂಪು ಸಮುದ್ರದ ದಹಬ್ ತೀರದಲ್ಲಿ ಬೆದುವಿನ್ ಬುಡಕಟ್ಟಿನ ಹೆಂಗಸರೆಲ್ಲ ಗೋರಿಗಳ ಕಡೆ ಹೊರಟರೆ ಫ್ರೇಜಾ ನೀರಿನ ಕಡೆ ಹೊರಡುತ್ತಿದ್ದಳು. ಇಳಿತದ ಹೊತ್ತಿಗೆ ಮೊಣಕಾಲುದ್ದದ ನೀರಲ್ಲಿ ಕಾಣುವ ಜೀವವಿರುವ ಒಂದು ದುಂಡು ಹವಳವೇ ಅವಳ ಪಾಲಿನ ಗೋರಿ. ಗಂಡ ಸ್ವೈಲಿಂ ಕೊನೆಯ ಸಲ ದೋಣಿ ಬಿಚ್ಚಿದ್ದು ಅದರ ಪಕ್ಕದಿಂದ. ಆಕ್ಟೋಪಸ್ ಹಿಡಿಯಲು ಕೊಕ್ಕೆ ಹಿಡಿದು ಹೋದಾಗಲೆಲ್ಲ ಅವಳು ಅದರ ಮೈ ಸವರಿ, ಮನೆಯ ಸುದ್ದಿಯೆಲ್ಲ ಹೇಳಿ ಬರುತ್ತಿದ್ದಳು. ಇವಳಿಗೆ ತಲೆ ಕೆಟ್ಟಿದೆ ಎಂದರು ಜನ. ಆಡುವವರ ಬಾಯಿಗೆ ಬೀಗ ಹಾಕಲಾದೀತೇ?

ಕಳೆದ ಬೇಸಿಗೆಯಲ್ಲಿ ಆ ಜೇನುಬಣ್ಣದ ಹವಳ ಬಿಳಚಿಕೊಳ್ಳತೊಡಗಿತು. ಬಿಸಿಲೇ ಕಾರಣ ಎಂದುಕೊಂಡು ಫ್ರೇಜಾ, ಖರ್ಜೂರದ ಎಳೆ ಸಸಿ ಬಾಡಿದರೆ ಅವಳ ಜನ ಏನು ಮಾಡುತ್ತಾರೋ ಅದನ್ನೇ ಮಾಡಿದಳು. ಬಾರ್ಲಿ ತುಂಬಿ ಬರುವ ಪ್ಲಾಸ್ಟಿಕ್ ಚೀಲಗಳನ್ನು ಬಿಚ್ಚಿ ಹೊಲಿದು, ಸುತ್ತ ಕಬ್ಬಿಣದ ಸರಳು ನೆಟ್ಟು, ಹವಳದ ಮೇಲೊಂದು ಚಪ್ಪರ ಕಟ್ಟಿದಳು. ಬಿಸಿಲಿಗೆ ಉಪ್ಪಿಗೆ ಚೀಲ ಎಳೆ ಎಳೆಯಾಗಿ ಪುಡಿಯಾದಂತೆಲ್ಲ ಹೊಸದು ಕಟ್ಟಿದಳು. ಪುಡಿಯಾದದ್ದು ಎಲ್ಲಿ ಹೋಯಿತೆಂದು ಕೇಳಿಕೊಳ್ಳಲಿಲ್ಲ. ನಮ್ಮಲ್ಲಿ ಯಾರು ತಾನೇ ಕೇಳಿಕೊಳ್ಳುತ್ತಾರೆ?

ಹವಳ ಇನ್ನಷ್ಟು ಸೊರಗಿತು. ಕೊನೆಗೆ ಮೈದುನನ ಮಗಳು ನುವೈರಾಳನ್ನು ಕರೆತಂದಳು. ಪ್ರವಾಸಿಗರಿಗೆ ಕಡಲಾಳಕ್ಕೆ ಮುಳುಗುವುದನ್ನು ಕಲಿಸುವ ಹುಡುಗಿ. ನೀರಲ್ಲಿ ತಲೆಯಿಟ್ಟವಳು ಬಹಳ ಹೊತ್ತು ಮೇಲೇಳಲಿಲ್ಲ. ಎದ್ದು, ನೀರುಗನ್ನಡಕ ಕಳಚಿ ದೊಡ್ಡಮ್ಮನ ಕೈಗೆ ಕೊಟ್ಟಳು.

ಫ್ರೇಜಾ ಬಗ್ಗಿ ನೋಡಿದಳು. ಹವಳದ ಪುಟ್ಟ ಪುಟ್ಟ ಬಾಯಿಗಳಿಂದ ಕೂದಲಿಗಿಂತ ಸಣ್ಣ ಬಿಳಿ ಎಳೆಗಳು ಇಣುಕುತ್ತಿದ್ದವು.

"ಚೀಲದ ಎಳೆ, ದೊಡ್ಡಮ್ಮ. ಮೊದಲೇ ನೀರು ಬಿಸಿಯಾಗಿ ಬಳಲಿತ್ತು. ಇದನ್ನ ಊಟ ಅಂದ್ಕೊಂಡು ನುಂಗಿದೆ. ಅರಗೋದಿಲ್ಲ."

"ನಾನೇ ಉಣ್ಣಿಸಿದ್ನಾ?"

ತಪ್ಪನ್ನು ಕಡಲಿಗೆ ಬೀಳುವ ಊರ ಕಸದ ಮೇಲೆ ಹಾಕಿ ನುವೈರಾ ಜಾರಿಕೊಳ್ಳಬಹುದಿತ್ತು. "ಸ್ವಲ್ಪ ನೀನೂ," ಎಂದಳು.

ಭರತ ಏರುವ ಮೊದಲೇ ಇಬ್ಬರೂ ಸೇರಿ ಚಪ್ಪರ ಕಿತ್ತು ದಡಕ್ಕೆ ಹೊತ್ತು ಹಾಕಿದರು. ಎಳೆಗಳನ್ನು ಬಿಡಿಸಲೆಂದು ಫ್ರೇಜಾ ಮತ್ತೆ ನೀರಿಗಿಳಿದು ಕೈ ಚಾಚಿದಾಗ ಹುಡುಗಿ ಮಣಿಕಟ್ಟು ಹಿಡಿದಳು.

"ಎಳೀಬೇಡ, ಬಾಯಿ ಹರಿದು ಬರ್ತದೆ. ಇನ್ಮೇಲೆ ಸವರೋದೂ ಬೇಡ. ಬುಡದಲ್ಲಿ ಇನ್ನೂ ಜೀವ ಇದೆ. ಮುಟ್ಟದೆ ಬಿಟ್ರೆ ಉಳಿದ್ರೂ ಉಳೀಬಹುದು."

ಗಂಡ ಹೋದ ಮೇಲೆ ಆ ಕೈಗಳಿಗೆ ಇದ್ದದ್ದು ಅದೊಂದೇ ಮೈ.

ಮುಂದಿನ ಇಳಿತಕ್ಕೆ ಒಬ್ಬಳೇ ಹೋದಳು. ಕೈ ತಾನಾಗಿ ಮುಂದೆ ಹೋದೀತೆಂದು ಎರಡನ್ನೂ ಮುಸುಕಿನೊಳಗೆ ಕಟ್ಟಿಕೊಂಡು ದೂರವೇ ನಿಂತಳು. ಮಾತು ನಿಶ್ಚಯವಾದ ಮೇಲೆ ಮದುವೆಯವರೆಗೆ ಹುಡುಗಿ ಹುಡುಗನ ಹತ್ತಿರ ಸುಳಿಯಬಾರದು ಎಂಬುದು ಅವರ ಪದ್ಧತಿ. ಆಗಲೂ ಸ್ವೈಲಿಂ ಬಲೆ ಬೀಸುವುದನ್ನು ಇಷ್ಟೇ ದೂರದಿಂದ ನೋಡುತ್ತ ನಿಂತಿರುತ್ತಿದ್ದಳು. ಆ ಕಾಯುವಿಕೆಗೆ ಒಂದು ಕೊನೆಯಿತ್ತು.

"ಮುಟ್ಟಲ್ಲ," ಎಂದಳು, ಅಲೆಯ ಸದ್ದು ಮೀರಿ ಕೇಳಿಸಲೆಂದು ದನಿ ಎತ್ತಿ. "ನೀನೊಂದು ಬದುಕಿರು, ಸಾಕು."